ಕನ್ನಡಿ ಹಿಡಿದವರೂ ಮುಖ ನೋಡಿಕೊಳ್ಳಲಿ

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಈಗ ಆತ್ಮವಿಮರ್ಶೆಗೂ ಅಂಕ ಕೊಡುತ್ತಾರೆ. ವಿದ್ಯಾರ್ಥಿ ಯಾವುದೋ ಕಂಪೆನಿಯಲ್ಲಿ ಎರಡು ತಿಂಗಳು ತರಬೇತಿ ಪಡೆದು ಬಂದು, ತಾನೇನು ಕಲಿತೆ, ಎಲ್ಲಿ ಎಡವಿದೆ ಎಂದು ನಾಲ್ಕು ಪುಟ ಬರೆದುಕೊಡಬೇಕು. ಯಾವ ತಪ್ಪನ್ನು ಒಪ್ಪಿಕೊಂಡರೆ ಅಂಕ ಸಿಗುತ್ತದೆ, ಯಾವುದನ್ನು ಒಪ್ಪಿಕೊಂಡರೆ ಕೆಲಸವೇ ಕೈತಪ್ಪುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಸಭೆಯಲ್ಲಿ ಮಾತನಾಡಲು ಅಂಜಿದೆ, ಸಮಯಪಾಲನೆಯಲ್ಲಿ ಹಿಂದೆ ಬಿದ್ದೆ ಎಂದು ಬರೆಯುತ್ತಾನೆ. ಗುತ್ತಿಗೆ ಕಾರ್ಮಿಕರ ಕೂಲಿ ಕಡಿತದ ಪಟ್ಟಿಯನ್ನು ನಾನೇ ತಯಾರಿಸಿದೆ, ಯಾಕೆಂದು ಕೇಳಲಿಲ್ಲ ಎಂದು ಬರೆಯುವ ಧೈರ್ಯ ಎಷ್ಟು ಮಂದಿಗಿದೆ? ಇದನ್ನು ಆತ್ಮವಿಮರ್ಶೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಈ ವಿಚಾರಕ್ಕೊಂದು ಗಂಭೀರ ಹಿನ್ನೆಲೆಯಿದೆ. ವೃತ್ತಿಪರನೆಂದರೆ ಪುಸ್ತಕದ ಸೂತ್ರವನ್ನು ಅನ್ವಯಿಸುವವನಷ್ಟೇ ಅಲ್ಲ, ಕೆಲಸ ಮಾಡುತ್ತಲೇ ಆ ಕೆಲಸವನ್ನು ಪ್ರಶ್ನಿಸಿಕೊಳ್ಳುವವನು ಎಂದು ಅಮೆರಿಕದ ಡೊನಾಲ್ಡ್ ಶಾನ್ 1983ರ ತಮ್ಮ ಕೃತಿಯಲ್ಲಿ ವಾದಿಸಿದರು. ಅವರೊಂದಿಗೆ ಕೃತಿ ರಚಿಸಿದ್ದ ಕ್ರಿಸ್ ಆರ್ಜಿರಿಸ್ ಒಂದು ಸರಳ ಉದಾಹರಣೆ ಕೊಡುತ್ತಿದ್ದರು. ಕೋಣೆಯ ಉಷ್ಣಾಂಶ ನಿಗದಿತ ಮಟ್ಟಕ್ಕಿಂತ ಇಳಿದರೆ ಥರ್ಮೋಸ್ಟಾಟ್ ತಾನಾಗಿಯೇ ಹೀಟರನ್ನು ಚಾಲೂ ಮಾಡುತ್ತದೆ. ಅದೂ ತಪ್ಪು ತಿದ್ದಿಕೊಳ್ಳುವುದೇ. ಆದರೆ ಈ ಮಟ್ಟವನ್ನು ನಿಗದಿಪಡಿಸಿದ್ದಾದರೂ ಏಕೆ ಎಂದು ಆ ಯಂತ್ರ ಕೇಳುವುದಿಲ್ಲ. ಹಾಗೆ ಕೇಳುವುದು ಬೇರೆಯೇ ಹಂತದ ಕಲಿಕೆ. ದೊಡ್ಡ ಪದವಿ ಪಡೆದ ಸಲಹೆಗಾರರೇ ಈ ಹಂತದಲ್ಲಿ ಸೋಲುತ್ತಾರೆಂದು 1991ರ ಒಂದು ಲೇಖನದಲ್ಲಿ ಅವರು ತೋರಿಸಿದರು. ಕೆಲಸ ಕೆಟ್ಟಾಗ ಈ ಬುದ್ಧಿವಂತರು ಗ್ರಾಹಕರನ್ನು ದೂರಿದರು, ಮೇಲಧಿಕಾರಿಗಳನ್ನು ದೂರಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಕೋಲ್ಕತಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸುಮಂತ್ರ ಘೋಷಾಲ್ ಇನ್ನೂ ಕಟುವಾದ ಮಾತು ಹೇಳಿದರು. ಅವರು 2004ರಲ್ಲಿ ತೀರಿಕೊಂಡರು. ಮರುವರ್ಷ ಪ್ರಕಟವಾದ ಅವರ ಲೇಖನ ವಿದ್ಯಾಸಂಸ್ಥೆಗಳನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ಮನುಷ್ಯ ಸ್ವಾರ್ಥಿ, ಅವನನ್ನು ನಂಬಬಾರದು, ಷೇರುದಾರನ ಲಾಭವೇ ಕಂಪೆನಿಯ ಗುರಿ ಎಂದು ವರ್ಷಾನುಗಟ್ಟಲೆ ಬೋಧಿಸಿದವರು, ಎನ್ರಾನ್‌ನಂತಹ ಹಗರಣ ನಡೆದಾಗ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ವಾದದ ತಿರುಳು. ಕಲ್ಲಿನ ಬಗ್ಗೆ ಸುಳ್ಳು ಸಿದ್ಧಾಂತ ಕಟ್ಟಿದರೆ ಕಲ್ಲು ಬದಲಾಗದು. ಮನುಷ್ಯನ ಬಗ್ಗೆ ಕಟ್ಟಿದರೆ, ಅವನು ಅದನ್ನು ಓದಿ ಹಾಗೆಯೇ ಆಗಿಬಿಡಬಹುದು.

ನಮ್ಮ ದೇಶಕ್ಕೂ ಅಂತಹ ಪರೀಕ್ಷೆ ಎದುರಾಯಿತು. 2009ರ ಜನವರಿ 7ರಂದು ಸತ್ಯಂ ಕಂಪೆನಿಯ ಅಧ್ಯಕ್ಷರು, ಲೆಕ್ಕಪುಸ್ತಕದಲ್ಲಿ ತೋರಿಸಿದ್ದ ನಗದಿನ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಕೆಲವೇ ತಿಂಗಳ ಹಿಂದೆ ಆ ಕಂಪೆನಿಗೆ ಉತ್ತಮ ಆಡಳಿತದ ಪ್ರಶಸ್ತಿ ಬಂದಿತ್ತು. ಅಧ್ಯಕ್ಷರ ಕುಟುಂಬಕ್ಕೆ ಸೇರಿದ ಕಂಪೆನಿಗಳನ್ನು ಕೊಳ್ಳಲು 2008ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ನಿರ್ದೇಶಕ ಮಂಡಳಿಯಲ್ಲಿ ಹೆಸರಾಂತ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರೂ ಇದ್ದರು. ವಂಚನೆ ಅವರಿಗೆ ತಿಳಿದಿತ್ತೆಂದು ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಸತ್ಯಂ ಪ್ರಕರಣ ಇಂದು ತರಗತಿಯ ಪಾಠವಾಗಿದೆ. ಅಧ್ಯಕ್ಷರ ದುರಾಸೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು, ಪಾಠ ಹೇಳುವವರು ಆ ಕುರ್ಚಿಯಲ್ಲಿ ಕುಳಿತು ಏನನ್ನು ಕಾಣದೆ ಹೋದರು ಎಂದು ಎಷ್ಟು ಕೇಳಿದ್ದೇವೆ? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬಂತಾದರೆ ವಿದ್ಯಾರ್ಥಿ ಕಲಿಯುವುದೂ ಅದನ್ನೇ.

ಸಂಶೋಧನೆಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಪ್ರಬಂಧದ ಮೊದಲ ಅಧ್ಯಾಯದಲ್ಲಿ 'ನಾನು ನಗರದ ಮಧ್ಯಮ ವರ್ಗದವನು' ಎಂದು ಒಂದು ಪ್ಯಾರಾ ಬರೆದರೆ ಋಣ ತೀರಿತೆಂಬ ಭಾವನೆ ಬೆಳೆಯುತ್ತಿದೆ. ಆಮೇಲಿನ ಇನ್ನೂರು ಪುಟಗಳಲ್ಲಿ ಆ 'ನಾನು' ಪತ್ತೆಯಿಲ್ಲ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರನ್ನು ಇಲ್ಲಿ ನೆನೆಯಬೇಕು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಂಗಿ ಅಧ್ಯಯನ ಮಾಡಿದ ಅವರು ಅದಕ್ಕೆ ರಾಂಪುರವೆಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳು ಆಹುತಿಯಾದವು. ನೆನಪನ್ನೇ ಆಧರಿಸಿ ಬರೆದ ಕೃತಿ 1976ರಲ್ಲಿ ಹೊರಬಂತು. ತಾನು ಬ್ರಾಹ್ಮಣ, ಊರ ಪಟೇಲರ ಆಶ್ರಯದಲ್ಲಿದ್ದವನು, ಆದ್ದರಿಂದ ಮೇಲ್ಜಾತಿಗಳ ಜಗಲಿಯಿಂದಲೇ ಹಳ್ಳಿಯನ್ನು ಕಂಡೆ ಎಂಬುದನ್ನು ಅವರು ಅದರಲ್ಲಿ ಮುಚ್ಚಿಡಲಿಲ್ಲ. ದಲಿತರ ಕೇರಿಯಿಂದ ಆ ಹಳ್ಳಿ ಹೇಗೆ ಕಾಣುತ್ತಿತ್ತೆಂದು ಕೇಳುವ ಅವಕಾಶ ನಮಗೆ ಸಿಕ್ಕಿದ್ದು ಈ ಪ್ರಾಮಾಣಿಕತೆಯಿಂದ.

ನಮ್ಮ ಮೊಹಲ್ಲಾಗಳಿಗೂ ಪ್ರಶ್ನಾವಳಿ ಹಿಡಿದವರು ಬರುತ್ತಾರೆ. ಬೀಡಿ ಕಟ್ಟುವ ಹೆಂಗಸಿನ ಬಳಿ ಬುರ್ಖಾದ ಬಗ್ಗೆ ಹತ್ತು ಪ್ರಶ್ನೆ, ಮಜೂರಿಯ ಬಗ್ಗೆ ಒಂದು. ಉತ್ತರಗಳನ್ನು ಕೂಡಿಸಿದರೆ ಧರ್ಮವೇ ಆಕೆಯ ಸಮಸ್ಯೆಯೆಂಬ ನಿರ್ಣಯ ಹೊರಡದೆ ಇನ್ನೇನಾದೀತು? ಪ್ರಶ್ನೆಗಳನ್ನು ಆಯ್ದವರ ಮನಸ್ಸಿನಲ್ಲೇ ಉತ್ತರದ ಅರ್ಧಭಾಗವಿತ್ತು.

ಇಷ್ಟು ಹೇಳಿ ನಾವು ಜಾರಿಕೊಳ್ಳುವಂತಿಲ್ಲ. ನಮ್ಮ ಸಮುದಾಯದವರೇ ನಡೆಸುವ ವಿದ್ಯಾಸಂಸ್ಥೆಗಳಿವೆ, ಟ್ರಸ್ಟ್‌ಗಳಿವೆ. ವಾರ್ಷಿಕ ಸಭೆಯಲ್ಲಿ ಫಲಿತಾಂಶ ಕುಸಿದುದಕ್ಕೆ ಶಿಕ್ಷಕಿಯರನ್ನು ತರಾಟೆಗೆ ತೆಗೆದುಕೊಳ್ಳುವ ಆಡಳಿತ ಮಂಡಳಿ, ಆಕೆಗೆ ಕೊಡುವ ಸಂಬಳವನ್ನು ನಿಗದಿಪಡಿಸಿದವರು ಯಾರು, ಮಂಡಳಿಯಲ್ಲಿ ಒಬ್ಬಳಾದರೂ ಮಹಿಳೆ ಇದ್ದಾಳೆಯೇ ಎಂದು ಕೇಳಿಕೊಳ್ಳುವುದು ಅಪರೂಪ.

ಹೀಗೆ ತನ್ನನ್ನೇ ಪ್ರಶ್ನಿಸುತ್ತಾ ಕುಳಿತರೆ ಕೆಲಸ ಸಾಗುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನಿಸದೆ ಸಾಗಿದ ಕೆಲಸ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಸತ್ಯಂ ಸಾಕ್ಷಿ. ನಾವು ಕೇಳುವುದು ಅಸಾಧ್ಯವಾದುದನ್ನಲ್ಲ. ವಿದ್ಯಾರ್ಥಿಯಿಂದ ನಾಲ್ಕು ಪುಟ ಬರೆಸುವ ಪ್ರಾಧ್ಯಾಪಕರು ಮೊದಲು ತಮ್ಮ ನಾಲ್ಕು ಪುಟವನ್ನು ತರಗತಿಯಲ್ಲಿ ಓದಲಿ. ಸಂಶೋಧಕರು ತಮ್ಮ ನಿರ್ಣಯವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಮುನ್ನ, ಉತ್ತರ ಕೊಟ್ಟವರ ಅಂಗಳಕ್ಕೆ ಹಿಂದಿರುಗಿ ಅವರಿಗರ್ಥವಾಗುವ ಭಾಷೆಯಲ್ಲಿ ಓದಿ ಹೇಳಲಿ. ಅಲ್ಲಿ ಬೀಡಿ ಕಟ್ಟುವ ಹೆಂಗಸು 'ಇದು ನನ್ನ ಮಾತಲ್ಲ' ಎಂದರೆ, ಆ ಮಾತೂ ಪ್ರಬಂಧದಲ್ಲಿ ದಾಖಲಾಗಲಿ.