ಬಣ್ಣ ಕೇಳುವವರು ಯಾರು, ದಂಡ ಕಟ್ಟುವವರು ಯಾರು?



ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಹೊತ್ತವರಿಗೆ ಈ ಮಾತು ಹೊಸದಲ್ಲ. ಕಬ್ಬಿನ ಹಾಲಿಗೆ ಸುಣ್ಣ, ಬೆಂಡೆ ಗಿಡದ ಲೋಳೆ ಬಿಟ್ಟು, ಕೊಳೆ ತೆಗೆದು ಕಾಯಿಸಿದ ಬೆಲ್ಲ ಕಂದು ಬಣ್ಣಕ್ಕೇ ಬರುತ್ತದೆ. ಅದನ್ನು ಮಂಡಿಯಲ್ಲಿ ಇಳಿಸಿ ನೋಡಿ. 'ಇದೇನ್ ಗೌಡ್ರೇ, ಬೆಲ್ಲ ಕಪ್ಪಗೈತಲ್ಲ' ಅಂತ ಮೂಗು ಮುರಿದು ಬೆಲೆ ಇಳಿಸ್ತಾರೆ. ಪಕ್ಕದ ಹಳದಿ ಬೆಲ್ಲಕ್ಕೆ ಏರಿಸಿ ಕೂಗ್ತಾರೆ. ಮರುದಿನ ನಮ್ಮ ಕೊಪ್ಪರಿಗೆಗೂ ಹೈಡ್ರೋಸ್ ಬೀಳುತ್ತದೆ. ಬಟ್ಟೆಯ ಬಣ್ಣ ತೆಗೆಯುವ ಆ ಪುಡಿಯನ್ನು ಯಾವ ರೈತನೂ ಆಸೆಪಟ್ಟು ತರಲಿಲ್ಲ. ಮಂಡಿಯಿಂದ ಮುಂಗಡ ತಂದವನು ಮಂಡಿ ಕೇಳಿದ ಬಣ್ಣವನ್ನೇ ಕೊಡಬೇಕು.

ಈಗ ಕಾನೂನಿಗೆ ಬರೋಣ. 1954ರ ಕಲಬೆರಕೆ ತಡೆ ಕಾಯ್ದೆ ಹೋಗಿ 2006ರ ಆಹಾರ ಸುರಕ್ಷತಾ ಕಾಯ್ದೆ ಬಂತು. 2011ರ ಆಗಸ್ಟ್ 5ರಿಂದ ಜಾರಿಯಾಯಿತು. ಹೊಲದ ಮಟ್ಟದಲ್ಲಿ ರೈತ ಬೆಳೆದ ಬೆಳೆಗೆ ಕಾಯ್ದೆ ಅನ್ವಯಿಸದು ಎಂದು ಅದರ 18ನೇ ಕಲಮು ಹೇಳುತ್ತದೆ. ಆದರೆ ಕಬ್ಬು ಆಲೆಮನೆ ಹೊಕ್ಕು ಬೆಲ್ಲವಾದರೆ ನೀವು ರೈತರಷ್ಟೇ ಅಲ್ಲ, ತಯಾರಕರು. ಸಣ್ಣವರಿಗೂ ನೋಂದಣಿ ಬೇಕು. 2011ರ ನಿಯಮಾವಳಿ ಅದಕ್ಕೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದೆಂಬ ಮಿತಿಯೂ ಇದೆ. ಹೈಡ್ರೋಸ್ ಸುರಿದವನು ಸಿಕ್ಕಿಬೀಳುವುದು ಇಲ್ಲಿಯೇ.

ಮಿತಿ ತಪ್ಪೆಂದು ನಾವು ಹೇಳುವುದಿಲ್ಲ. ಆ ಬೆಲ್ಲವನ್ನು ನಮ್ಮ ಮಕ್ಕಳೂ ತಿನ್ನುತ್ತಾರೆ. ನಮ್ಮ ತಕರಾರು ಬೇರೆ. ಮಾದರಿ ತೆಗೆಯುವವರು ಆಲೆಮನೆಗೆ ಬರ್ತಾರೆ. ಹಳದಿಗೆ ಹೆಚ್ಚು ಬೆಲೆ ಕೂಗಿದವನ ಹರಾಜು ಪುಸ್ತಕ ನೋಡುವವರು ಯಾರು? ಬಣ್ಣಕ್ಕೆ ಬೆಲೆ ಕಟ್ಟುವುದು ಅವರು, ದಂಡ ಕಟ್ಟುವುದು ನಾವು. ಇದ್ಯಾವ ನ್ಯಾಯ ಸ್ವಾಮಿ?

ಸರ್ಕಾರಕ್ಕೆ ನಮ್ಮ ಬೇಡಿಕೆ ಸರಳ. ಮಾರುಕಟ್ಟೆ ಅಂಗಳದಲ್ಲೇ ಪರೀಕ್ಷೆಯಾಗಲಿ. ಫಲಿತಾಂಶದ ಚೀಟಿ ಹಚ್ಚಿದ ಮೇಲೆ ಹರಾಜು ಕೂಗಲಿ. ಗಂಧಕವಿಲ್ಲದ ಬೆಲ್ಲಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಲಿ. ಬೆಲೆ ಕೊಡದೆ ಶುದ್ಧತೆ ಕೇಳುವುದು, ಹುಲ್ಲು ಹಾಕದೆ ಹಾಲು ಕೇಳಿದ ಹಾಗೆ.

ನೀವು ಮಾಡಬೇಕಾದ್ದೂ ಇದೆ. ನೋಂದಣಿ ಚೀಟಿ ಮಾಡಿಸಿಟ್ಟುಕೊಳ್ಳಿ. ಅಧಿಕಾರಿ ಮಾದರಿ ತೆಗೆದರೆ ಹೆದರಬೇಡಿ. ಮಾದರಿಯ ಬೆಲೆಯನ್ನು ಅವರು ಕೊಡಬೇಕು, ಅದನ್ನು ನಾಲ್ಕು ಭಾಗ ಮಾಡಬೇಕು. ನೀವು ಕೇಳಿದರೆ ಒಂದು ಭಾಗ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೂ ಹೋಗಬೇಕು. ಬಾಯಿಬಿಟ್ಟು ಕೇಳಿ.

ಕೊನೆಯ ಮಾತು. ಒಬ್ಬನೇ ಹೈಡ್ರೋಸ್ ಬಿಟ್ಟರೆ ಅವನ ಬೆಲ್ಲ ಮಂಡಿಯಲ್ಲಿ ಕೊಳೆಯುತ್ತದೆ. ಊರಿನ ಆಲೆಮನೆಗಳೆಲ್ಲ ಒಟ್ಟಿಗೆ ಬಿಟ್ಟರೆ ಮಂಡಿಯವರು ಕಂದು ಬೆಲ್ಲವನ್ನೇ ಕೊಳ್ಳಬೇಕು. ಈ ಸಲ ಗಾಣ ಹೂಡುವ ಮುಂಚೆ ಊರ ಕಟ್ಟೆಯ ಮೇಲೆ ಕೂತು ಈ ಒಂದು ಮಾತು ತೀರ್ಮಾನಿಸಿ.