ದಫೇದಾರರ ಮೇಲೆ ಹರಿದ ಉಸುಕು

ಬಳ್ಳಾರಿಯ ಹೊಸ ಬಡಾವಣೆಗಳಲ್ಲಿ ನಸುಕಿಗೆ ಓಡಾಡುವವರು ಇದನ್ನು ಕಂಡೇ ಇರುತ್ತಾರೆ. ಅರ್ಧ ಕಟ್ಟಿದ ಮನೆಯ ಮುಂದೆ ರಾತ್ರೋರಾತ್ರಿ ಸುರಿದು ಹೋದ ಉಸುಕಿನ ರಾಶಿ. ಬುಡದಿಂದ ಇನ್ನೂ ನೀರು ಜಿನುಗುತ್ತಿರುತ್ತದೆ. ಒಂದು ಹಿಡಿ ಎತ್ತಿಕೊಂಡರೆ ಅಂಗೈ ತಣ್ಣಗಾಗುತ್ತದೆ, ಬೆರಳ ಸಂದಿಯಲ್ಲಿ ಒಡೆದ ಕಪ್ಪೆಚಿಪ್ಪು ಉಳಿಯುತ್ತದೆ. ಆರು ತಾಸಿನ ಹಿಂದೆ ಅದು ಹೊಳೆಯ ಒಡಲಲ್ಲಿತ್ತು. ಇಂಥ ರಾಶಿ ಕಂಡಾಗಲೆಲ್ಲ ನನಗೆ ನೆನಪಾಗುವುದು ಮಯೂರ ಚವ್ಹಾಣ.

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್, ಅಂದರೆ ದಫೇದಾರ, ಅವರು. ವಯಸ್ಸು 51. 2023ರ ಜೂನ್ 15ರ ರಾತ್ರಿ ಅಕ್ರಮವಾಗಿ ಉಸುಕು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್ ತಡೆಯಲು ಹೋದರು. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಅವರ ಮೇಲೆಯೇ ಹರಿಯಿತು. ಇದನ್ನು ನಾನು ಅಪಘಾತ ಎನ್ನಲಾರೆ. ಇಂಥದ್ದು ಮೊದಲೂ ನಡೆದಿದೆ. 2012ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಮೊರೇನಾದಲ್ಲಿ ಐಪಿಎಸ್ ಅಧಿಕಾರಿ ನರೇಂದ್ರ ಕುಮಾರ್ ಕಲ್ಲು ತುಂಬಿದ ಟ್ರ್ಯಾಕ್ಟರಿಗೆ ಬಲಿಯಾದರು. 2022ರ ಜುಲೈನಲ್ಲಿ ಹರಿಯಾಣದ ನೂಹ್‌ನಲ್ಲಿ ಡಿಎಸ್‌ಪಿ ಸುರೇಂದ್ರ ಸಿಂಗ್ ಅವರ ಮೇಲೆ ಡಂಪರ್ ಹರಿಯಿತು. ನೆಲ ಬಗೆಯುವವನ ಗಾಲಿಗೆ ಅಧಿಕಾರಿಯೂ ಒಂದೇ, ಪೇದೆಯೂ ಒಂದೇ.

ಜೇವರ್ಗಿಯ ಆ ಭೀಮಾ ನದಿ ದಂಡೆಯ ಮಾತು ಬಳ್ಳಾರಿಯ ನಮಗ್ಯಾಕೆ ಅನ್ನಬೇಡಿ. ಹಗರಿ, ಅಂದರೆ ವೇದಾವತಿ, ಸಿರುಗುಪ್ಪ ಸೀಮೆಯಲ್ಲೇ ತುಂಗಭದ್ರೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹಗರಿ ಬತ್ತಿದಂತೆ ಕಂಡರೂ ಉಸುಕಿನಡಿಯಲ್ಲಿ ನೀರಿರುತ್ತದೆ. ಹಿಂದೆ ಮೊಣಕೈಯುದ್ದ ತೋಡಿದರೆ ಒರತೆ ಬರುತ್ತಿತ್ತು, ಹೆಣ್ಣುಮಕ್ಕಳು ತಂಬಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ಉಸುಕು ಹೋಯಿತೆಂದರೆ ಆ ನೀರನ್ನು ಹಿಡಿದಿಡುವುದೇನೂ ಉಳಿಯುವುದಿಲ್ಲ. ದಂಡೆಯ ಬೋರು ಇಳಿಯುತ್ತದೆ, ಮಳೆಗಾಲದಲ್ಲಿ ದಂಡೆಯೇ ಕುಸಿಯುತ್ತದೆ. ಭತ್ತ ಬೆಳೆಯುವ ಸಿರುಗುಪ್ಪಕ್ಕೆ, ಕುರುಗೋಡಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗುಡ್ಡ ಬಗೆದು ಅದಿರು ಸಾಗಿಸಿದ ಜಿಲ್ಲೆ ನಮ್ಮದು. ಅದನ್ನು ನಿಲ್ಲಿಸಲು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಗುಡ್ಡದ ಪಾಠ ಹೊಳೆಗೆ ಬರುವಷ್ಟರಲ್ಲಿ ಮರೆತೇಹೋಯಿತೇ?

ಹೊಳೆಗೆ ಜೆಸಿಬಿ ಇಳಿಯುವುದು ಕದ್ದುಮುಚ್ಚಿ ನಡೆಯುವ ಕೆಲಸವಲ್ಲ. ಅದರ ಸದ್ದು ಊರಿಗೆಲ್ಲ ಕೇಳಿಸುತ್ತದೆ. ಹಗಲು ಆ ಸದ್ದಿಗೆ ಕಿವಿ ಮುಚ್ಚಿಕೊಂಡ ವ್ಯವಸ್ಥೆ, ರಾತ್ರಿ ಒಬ್ಬ ಬೀಟ್ ಪೊಲೀಸನ ಕೈಗೆ ಲಾಠಿ ಕೊಟ್ಟು ಟನ್ನುಗಟ್ಟಲೆ ಭಾರವನ್ನು ತಡೆದು ನಿಲ್ಲಿಸು ಎನ್ನುತ್ತದೆ. ಇದು ಯಾವ ನ್ಯಾಯ? ಸಿಕ್ಕಿಬೀಳುವವನು ಡ್ರೈವರ್. ಬಾಡಿಗೆ ಎಣಿಸಿಕೊಂಡ ಮಾಲೀಕ, ದಂಡೆಯಲ್ಲಿ ರಾಶಿ ಹಾಕಿಸಿದವನು, ಮಾಮೂಲಿಗೆ ಕಣ್ಣು ಮುಚ್ಚಿದವನು ಮನೆಯಲ್ಲಿ ನೆಮ್ಮದಿಯಾಗಿ ಮಲಗಿರುತ್ತಾರೆ.

1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಬಿದ್ದ ಹತ್ತು ಪೊಲೀಸರ ನೆನಪಿಗೆ ಪ್ರತಿ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಜಿಲ್ಲೆ ಜಿಲ್ಲೆಯಲ್ಲೂ ಹೂಗುಚ್ಛ ಇಡುತ್ತಾರೆ, ಆಯಾ ವರ್ಷ ಮಡಿದವರ ಹೆಸರು ಓದುತ್ತಾರೆ, ಗುಂಡು ಹಾರಿಸುತ್ತಾರೆ. ಅಂದು ಆ ಹತ್ತು ಮಂದಿ ಸತ್ತದ್ದು ಗಡಿಯಲ್ಲಿ, ಸರಿ. ಮಯೂರ ಚವ್ಹಾಣ ಸತ್ತದ್ದು ನಮ್ಮ ಗೋಡೆಗೆ ಬೇಕಾದ ಗಾರೆಯ ದಾರಿಯಲ್ಲಿ.

ಮನೆ ಕಟ್ಟಿಸುತ್ತಿರುವ ಅಣ್ಣ, ಅಕ್ಕ, ನಿಮ್ಮನ್ನೇ ಕೇಳುತ್ತಿದ್ದೇನೆ. ನಾಳೆ ನಸುಕಿಗೆ ನಿಮ್ಮ ಬಾಗಿಲಿಗೆ ಟ್ರ್ಯಾಕ್ಟರ್ ಬಂದರೆ ಟ್ರಾಲಿ ಎತ್ತುವ ಮುಂಚೆ ಪರ್ಮಿಟ್ ಕೇಳಿ. ಇಲ್ಲ ಎಂದರೆ ವಾಪಸ್ ಕಳಿಸಿ.