ಠಾಣೆಗೂ ಮನೆಗೂ ಮೊದಲೇ ಪರಿಚಯವಿರಲಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಮಹಾಜನರಲ್ಲಿಯೂ ಪೊಲೀಸ್ ಅಧಿಕಾರಿಗಳಲ್ಲಿಯೂ ವಿಜ್ಞಾಪನೆ



ಕರೆದರೆ ಓಗೊಡದ, ಎದುರಿನವರ ಮುಖವನ್ನು ನೋಡದ, ಕೇಳಿದ ಪ್ರಶ್ನೆಯನ್ನೇ ಮರಳಿ ನುಡಿಯುವ, ಜಾತ್ರೆಯ ಡೊಳ್ಳಿಗೂ ಕಬ್ಬಿನ ಟ್ರ್ಯಾಕ್ಟರಿನ ಹಾಡಿಗೂ ಕಿವಿ ಮುಚ್ಚಿಕೊಂಡು ಓಡತೊಡಗುವ ಮಕ್ಕಳು ನಮ್ಮ ಈ ನಾಲ್ಕು ತಾಲೂಕುಗಳಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರದು ಆಟಿಸಂ, ಅಂದರೆ ಸ್ವಲೀನತೆ, ಎಂಬ ಹುಟ್ಟಿನಿಂದಲೇ ಬಂದ ಸ್ಥಿತಿ. ಅದು ಹುಚ್ಚಲ್ಲ, ತಾಯಿತಂದೆಗಳ ಸಾಕಣೆಯ ದೋಷವಂತೂ ಅಲ್ಲವೇ ಅಲ್ಲ. ಐದು ವರ್ಷದ ಕೂಸು ಹೀಗೆ ನಡೆದುಕೊಂಡರೆ ನೋಡಿದವರು ಮರುಗುತ್ತಾರೆ. ಅದೇ ಕೂಸು ಮೀಸೆ ಚಿಗುರಿ ತಂದೆಗಿಂತ ಎತ್ತರವಾಗಿ ಬೆಳೆದ ಮೇಲೆ ಹಾಗೆಯೇ ನಡೆದುಕೊಂಡರೆ ನೋಡಿದವರು ಅಂಜುತ್ತಾರೆ, ಅಂಜಿದವರು ಪೊಲೀಸರನ್ನು ಕರೆಯುತ್ತಾರೆ. ‘ನಿಲ್ಲು’ ಎಂದರೆ ನಿಲ್ಲದವನು, ಹೆಸರು ಕೇಳಿದರೆ ಹೇಳದವನು, ರಟ್ಟೆ ಹಿಡಿದರೆ ಕೊಸರಿಕೊಂಡು ಕಚ್ಚುವವನು, ಬಂದ ಪೊಲೀಸರ ಕಣ್ಣಿಗೆ ಕುಡುಕನಾಗಿಯೋ ಕಳ್ಳನಾಗಿಯೋ ತೋರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

2017ರ ಜುಲೈ ತಿಂಗಳಲ್ಲಿ ಅಮೆರಿಕದ ಆರಿಜೋನಾ ಪ್ರಾಂತದ ಬಕ್‌ಐ ಎಂಬ ಊರಿನ ಉದ್ಯಾನದಲ್ಲಿ ಹದಿನಾಲ್ಕು ವರ್ಷದ ಸ್ವಲೀನ ಬಾಲಕನೊಬ್ಬನು ದಾರದ ತುಂಡೊಂದನ್ನು ಮುಖದ ಬಳಿ ಆಡಿಸುತ್ತಿದ್ದುದನ್ನು ಕಂಡು, ಮಾದಕ ವಸ್ತು ಸೇವಿಸಿದವರನ್ನು ಗುರುತಿಸುವುದರಲ್ಲಿ ವಿಶೇಷ ತರಬೇತಿ ಹೊಂದಿದ್ದ ಪೊಲೀಸ್ ಅಧಿಕಾರಿಯೊಬ್ಬನು ಅದನ್ನು ನಶೆಯ ಲಕ್ಷಣವೆಂದು ಭಾವಿಸಿ, ಅವನನ್ನು ನೆಲಕ್ಕೆ ಅದುಮಿ ಹಿಡಿದನು. ಬಾಲಕನು ಮಾಡುತ್ತಿದ್ದುದು ಮನಸ್ಸನ್ನು ತಹಬಂದಿಗೆ ತಂದುಕೊಳ್ಳುವ ಒಂದು ಚಲನೆ ಮಾತ್ರ. ಮನೆಮನೆಯಲ್ಲಿ ಮಗ್ಗದ ಸದ್ದು ಕೇಳುವ ರಬಕವಿ-ಬನಹಟ್ಟಿಯ ಓಣಿಯೊಂದರಲ್ಲಿ ಇಂಥ ಹುಡುಗನೊಬ್ಬನು ಕಂಡಿಕೆಯ ನೂಲನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, ಕಣ್ಣೆದುರಿಗೆ ತೂಗಿಸುತ್ತ, ಗಂಟೆಗಟ್ಟಲೆ ತನ್ನಷ್ಟಕ್ಕೆ ಕುಳಿತರೆ ನೆರೆಹೊರೆಯವರು ಅದನ್ನು ಗಮನಿಸಲಿಕ್ಕಿಲ್ಲ. ಅಪರಿಚಿತವಾದ ಬಸ್ ನಿಲ್ದಾಣದಲ್ಲಿ ಅವನು ಅದನ್ನೇ ಮಾಡಿದರೆ ಅರ್ಥವೇ ಬೇರೆಯಾಗುತ್ತದೆ. ಅಮೆರಿಕದ ಐಡಾಹೊ ಪ್ರಾಂತದ ಪೊಕಾಟೆಲ್ಲೊ ಎಂಬಲ್ಲಿ 2025ರ ಏಪ್ರಿಲ್‌ನಲ್ಲಿ, ಚಾಕು ಹಿಡಿದು ನಿಂತಿದ್ದ, ಮಾತು ಬಾರದ ಹದಿನೇಳು ವರ್ಷದ ಸ್ವಲೀನ ಹುಡುಗನ ಮೇಲೆ ಪೊಲೀಸರು ಬಂದ ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಿದರು. ಕೆಲ ದಿನಗಳಲ್ಲಿ ಅವನು ತೀರಿಹೋದನು. ನಮ್ಮಲ್ಲಿ ಬಂದೂಕು ಅಷ್ಟು ಬೇಗ ಹೊರಬರುವುದಿಲ್ಲವೆಂಬುದು ನಿಜವಾದರೂ, ಲಾಠಿಯ ಒಂದು ಪೆಟ್ಟು, ಠಾಣೆಯ ಬಾಗಿಲಲ್ಲಿ ಕೂರಿಸಿ ಗದರಿಸಿದ ಒಂದು ರಾತ್ರಿ, ಇಂಥ ಮಗುವಿನ ವರ್ಷಗಳ ಪ್ರಗತಿಯನ್ನು ಅಳಿಸಿಹಾಕಲು ಸಾಕು.

ಆದುದರಿಂದ ನಮ್ಮ ವಾದವು ಒಂದೇ: ಇಂಥ ಹುಡುಗನಿಗೂ ಪೊಲೀಸರಿಗೂ ಆಗುವ ಮೊದಲನೆಯ ಭೇಟಿಯು ಅವಘಡದ ದಿನದಂದು ಆಗಕೂಡದು, ಅದಕ್ಕೆ ಬಹಳ ಮುಂಚೆಯೇ, ಯಾವ ಗದ್ದಲವೂ ಇಲ್ಲದ ಒಂದು ದಿನ, ತಾಯಿತಂದೆಗಳ ಕೈ ಹಿಡಿದು ಅವನು ಠಾಣೆಯನ್ನು ನೋಡಿರಬೇಕು, ಠಾಣೆಯು ಅವನನ್ನು ನೋಡಿರಬೇಕು.

ಈ ಬೇಡಿಕೆಗೆ ಕಾನೂನಿನ ಆಧಾರವು ಭದ್ರವಾಗಿಯೇ ಇದೆ. ಸ್ವಲೀನತೆಯನ್ನೂ ಒಳಗೊಂಡು 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿರುವ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ತನ್ನ 47ನೆಯ ಕಲಮಿನಲ್ಲಿ ಪೊಲೀಸ್ ಅಧಿಕಾರಿಗಳ ತರಬೇತಿಯಲ್ಲಿ ಈ ಹಕ್ಕುಗಳ ಶಿಕ್ಷಣವು ಇರಲೇಬೇಕೆಂದು ವಿಧಿಸುತ್ತದೆ; ವಿಕಲಚೇತನರ ಮೇಲೆ ದೌರ್ಜನ್ಯವಾದುದು ತಿಳಿದೊಡನೆ ಪೊಲೀಸ್ ಅಧಿಕಾರಿಯು ಅವರಿಗೆ ಉಚಿತ ಕಾನೂನು ನೆರವಿನ ಹಕ್ಕನ್ನೂ ಹತ್ತಿರದ ಸೇವಾಸಂಸ್ಥೆಯ ವಿವರವನ್ನೂ ತಿಳಿಸತಕ್ಕದ್ದೆಂದು 7ನೆಯ ಕಲಮು ಹೇಳುತ್ತದೆ. 2015ರ ಬಾಲನ್ಯಾಯ ಅಧಿನಿಯಮದ 107ನೆಯ ಕಲಮಿನಂತೆ ಪ್ರತಿಯೊಂದು ಠಾಣೆಯಲ್ಲಿಯೂ ಎಎಸ್‌ಐ ದರ್ಜೆಗೆ ಕಡಿಮೆಯಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯಾಗಿ ಇರಬೇಕು. ಹದಿನೆಂಟು ತುಂಬದ ಯಾರನ್ನೂ, ಆರೋಪ ಯಾವುದೇ ಇರಲಿ, ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಗೆ ಬೇಡಿ ತೊಡಿಸುವಂತಿಲ್ಲ. ಹದಿನೆಂಟು ತುಂಬಿದ ಮರುದಿನವೇ ಬಾಲನ್ಯಾಯ ಅಧಿನಿಯಮದ ಈ ರಕ್ಷಣೆ ಕಳಚಿಬೀಳುತ್ತದೆಂಬುದನ್ನು ತಾಯಿತಂದೆಗಳು ಮರೆಯಬಾರದು. ಹದಿನೆಂಟು ದಾಟಿದ ಸ್ವಲೀನರಿಗೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಮೇರೆಗೆ, ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಯಿಂದ ಪಾಲಕತ್ವವನ್ನು ಪಡೆದುಕೊಳ್ಳುವ ಮಾರ್ಗವಿದೆ.

ಈಗ ಮನೆಯವರಿಗೆ ಎರಡು ಮಾತು. ಮಗುವನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡರೆ ಅದು ಸುರಕ್ಷಿತವೆಂದು ನೀವು ನಂಬಿರಬಹುದು. ಆದರೆ ಒಳಗಿದ್ದ ಮಗು ಒಂದು ದಿನ ಹೊರಗೆ ಓಡುತ್ತದೆ. ಆಗ ಅದನ್ನು ಬಲ್ಲವರು ಊರಿನಲ್ಲಿ ಒಬ್ಬರೂ ಇರುವುದಿಲ್ಲ. ತಾಲೂಕು ಪಂಚಾಯಿತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಬಿಇಒ ಕಚೇರಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿರಿ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಚೀಟಿಗಾಗಿ ಅರ್ಜಿ ಹಾಕಿರಿ. ಹೆಚ್ಚಿನ ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಇದಲ್ಲದೆ ಒಂದೇ ಹಾಳೆಯಲ್ಲಿ ಮಗುವಿನ ಭಾವಚಿತ್ರ, ಎರಡು ಫೋನ್ ನಂಬರು, ಮತ್ತು ನಿಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆದು ಠಾಣೆಗೆ ಕೊಡಿರಿ. ‘ಸಾಹೇಬ್ರ, ಅಂವಗ ಗದ್ದಲ ತಾಳೂದಿಲ್ರಿ. ಮೈ ಮುಟ್ಟಬ್ಯಾಡ್ರಿ, ಸೈರನ್ ಬಂದ್ ಮಾಡ್ರಿ. ಮೊಬೈಲದಾಗ ರೈಲು ತೋರಸ್ರಿ, ಸುಮ್ನ ಕುಂದರ್ತಾನ’ ಎಂದು ಒಬ್ಬ ತಾಯಿ ಬರೆದುಕೊಟ್ಟರೆ, ಯಾವ ದೊಡ್ಡ ಗ್ರಂಥವೂ ಕೊಡಲಾರದಷ್ಟು ಸಹಾಯವನ್ನು ಅದು ರಾತ್ರಿಪಾಳಿಯ ಕಾನ್‌ಸ್ಟೇಬಲ್ಲಿಗೆ ಕೊಡುತ್ತದೆ.

ಈ ಹಾಳೆಯ ಬೆಲೆ ತಿಳಿಯುವುದು ಮಗು ಕಾಣೆಯಾದಾಗ. ಸ್ವಲೀನ ಮಕ್ಕಳಲ್ಲಿ ಅನೇಕರಿಗೆ ನೀರಿನ ಸೆಳೆತ ಬಹಳ; ನಮ್ಮದಾದರೋ ಕೃಷ್ಣೆ, ಘಟಪ್ರಭೆಗಳ ದಂಡೆಯ ನಾಡು, ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು, ಹೊಲಹೊಲಕ್ಕೆ ಬಾವಿ. ಆಳೆತ್ತರದ ಕಬ್ಬಿನ ಹೊಲದೊಳಗೆ ಹತ್ತು ಮಾರು ದೂರದಲ್ಲಿಯೇ ಕುಳಿತಿರುವ ಹುಡುಗನು, ನೂರು ಜನ ಕೂಗಿದರೂ, ಹೆಸರು ಹಿಡಿದು ಕರೆದರೂ, ಓ ಎನ್ನಲಾರನು. ಆದ್ದರಿಂದ ಹುಡುಕುವವರು ಮೊದಲು ನೀರಿನ ಕಡೆಗೆ ಹೋಗತಕ್ಕದ್ದು, ಕೂಗುವುದನ್ನು ಬಿಟ್ಟು ಕಣ್ಣಿನಿಂದ ಹುಡುಕತಕ್ಕದ್ದು. ‘ಒಂದು ದಿನ ಕಾದು ನೋಡಿರಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಕಾಣೆಯಾದ ಮಗುವಿನ ಪ್ರತಿಯೊಂದು ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಮೇ 10ರಂದು ಆದೇಶಿಸಿದೆ.

ಠಾಣಾಧಿಕಾರಿಗಳಲ್ಲಿ ನಮ್ಮ ಪ್ರಾರ್ಥನೆಯು ದೊಡ್ಡದೇನಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು, ನಂಬರುಗಳನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಬರೆಸಿರಿ. ತಿಂಗಳಿಗೊಂದು ಮಧ್ಯಾಹ್ನ ಈ ಕುಟುಂಬಗಳನ್ನು ಬರಮಾಡಿಕೊಳ್ಳಿರಿ. ಬೀಟಿನ ಸಿಬ್ಬಂದಿಗೆ ಆ ಹಾಳೆಗಳನ್ನು ತೋರಿಸಿರಿ. ಇದಕ್ಕೆ ಹೊಸ ಹಣವೂ ಬೇಡ, ಹೊಸ ಹುದ್ದೆಯೂ ಬೇಡ.

ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100, ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416. ಇವನ್ನು ಬರೆದಿಟ್ಟುಕೊಂಡು, ನಿಮ್ಮ ಊರಿನ ಮುಂದಿನ ಜಾತ್ರೆಯೊಳಗಾಗಿ ಮಗುವನ್ನು ಕರೆದುಕೊಂಡು ಒಮ್ಮೆ ಠಾಣೆಗೆ ಹೋಗಿಬನ್ನಿರಿ; ನಿಮ್ಮ ಮನೆಯಲ್ಲಿ ಇಂಥ ಮಗುವಿಲ್ಲದಿದ್ದರೆ, ಇರುವ ಮನೆಗೆ ಈ ಕರಪತ್ರವನ್ನು ಮುಟ್ಟಿಸಿರಿ.